ಕಾವೇರಮ್ಮನ ಎಡಗಣ್ಣಿನ ದಿಗ್ವಿಜಯ

ಕಬ್ಬಾಳು ಬೆಟ್ಟಕ್ಕೆ ಸ್ವಲ್ಪ ಈಚೆಗೆ ಹೊನ್ನಯ್ಯನದೊಡ್ಡಿ ಎಂಬ ಊರಿದೆ. ಮನುಷ್ಯರ ಮನೆಗಳಿಗಿಂತ ರೇಷ್ಮೆಹುಳುಗಳ ಮನೆಗಳೇ ಚೆನ್ನಾಗಿರುವ ಊರು. ಯಜಮಾನ ತಗಡಿನ ಶೀಟಿನ ಕೆಳಗೆ ಬೆವರುತ್ತ ಮಲಗಿದರೂ ಹುಳುಗಳಿಗೆ ಮಾತ್ರ ಹೆಂಚಿನ ಮಾಡು, ಎರಡು ಕಡೆ ಕಿಟಕಿ, ಬೇಸಿಗೆ ಬಂದರೆ ಒದ್ದೆ ಗೋಣಿಯ ತಂಪು. ಈ ಊರಿಗೆ ಪಂಚಾಯಿತಿ ಸದಸ್ಯರಿದ್ದಾರೆ, ಡೇರಿ ಕಾರ್ಯದರ್ಶಿ ಇದ್ದಾರೆ, ಗುಡಿಗೆ ಪೂಜಾರಪ್ಪನೂ ಇದ್ದಾರೆ. ಇವರೆಲ್ಲರ ಮಾತನ್ನು ಊರು ತಲೆಯಾಡಿಸಿ ಕೇಳುತ್ತದೆ, ಆಮೇಲೆ ತನಗೆ ತೋಚಿದ್ದನ್ನು ಮಾಡುತ್ತದೆ. ಕೇಳಿದ ಮೇಲೆ ಅದರಂತೆಯೇ ನಡೆಯುತ್ತಿದ್ದದ್ದು ಒಬ್ಬರ ಮಾತಿಗೆ ಮಾತ್ರ. ಅವರು ಬೋರಲಿಂಗಯ್ಯನವರ ಹೆಂಡತಿ ಕಾವೇರಮ್ಮ. ವಯಸ್ಸು ಅರವತ್ತು ದಾಟಿದೆ, ಎತ್ತರ ಐದಡಿ ಮುಟ್ಟಿಲ್ಲ, ಧ್ವನಿ ಮಾತ್ರ ಮೂರು ತೋಟ ದಾಟುತ್ತದೆ.

ಕಾವೇರಮ್ಮ ಹುಟ್ಟಿದ್ದು ಕುದೂರಿನ ಕಡೆ. ರಾಗಿ, ಹುರುಳಿ ಬೆಳೆಯುವ ಮನೆ. ಹುಳು ಎಂದರೆ ಬದನೆಕಾಯಿ ಹೆಚ್ಚುವಾಗ ಸಿಗುವುದು ಎಂದಷ್ಟೇ ಅವರಿಗೆ ಗೊತ್ತಿತ್ತು. ಮದುವೆಯಾಗಿ ಬಂದ ವಾರದಲ್ಲಿ ಅತ್ತೆ ಹುಳದ ಮನೆಯ ಬಾಗಿಲು ತೆಗೆದು ಸಾವಿರಾರು ಹುಳುಗಳನ್ನು ಒಟ್ಟಿಗೆ ತೋರಿಸಿದಾಗ, ಹೊಸ ಸೊಸೆ ಕಬ್ಬಾಳಿನ ಬಸ್ ನಿಲ್ದಾಣದವರೆಗೂ ಓಡಿದ್ದರಂತೆ. ಬೋರಲಿಂಗಯ್ಯ ಸೈಕಲ್ಲಿನಲ್ಲಿ ಹೋಗಿ ಸಮಾಧಾನ ಮಾಡಿ ಕರೆತಂದರು. ಹಾಗೆ ಓಡಿಹೋದವರೇ ಕೆಲವು ವರ್ಷಗಳಲ್ಲಿ ಅತ್ತೆಯ ಕೈಯಿಂದ ಅಧಿಕಾರ ಕಸಿದುಕೊಂಡು, ಬಳಿಕ ಅಕ್ಕಪಕ್ಕದ ದೊಡ್ಡಿಗಳನ್ನೂ ಒಂದೊಂದಾಗಿ ಗೆದ್ದುಕೊಂಡರು.

ಆ ಅಧಿಕಾರ ಯಾವುದೆಂದು ಹೇಳಬೇಕು. ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪನ್ನು ತಿಂದು ತಿಂದು ಬೆಳೆದು, ಕೊನೆಗೊಂದು ದಿನ ತಿನ್ನುವುದನ್ನು ಬಿಟ್ಟು ತಲೆಯೆತ್ತುತ್ತದೆ. ಅಲ್ಲಿಯವರೆಗೆ ಬೆಳ್ಳಗೆ ಗಟ್ಟಿಯಾಗಿದ್ದ ಮೈ ಹಳದಿಗೆ ತಿರುಗುತ್ತದೆ. ಬೆಳಕಿಗೆ ಹಿಡಿದರೆ ಒಳಗೆಲ್ಲ ದ್ರಾಕ್ಷಿಯ ಹಾಗೆ ತಿಳಿಯಾಗಿ ಕಾಣುತ್ತದೆ. ಇದಕ್ಕೆ ಹುಳು ಹಣ್ಣಾಗುವುದು ಎನ್ನುತ್ತಾರೆ. ಹಣ್ಣಾದ ಹುಳುಗಳನ್ನು ಆಯ್ದು, ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಬಿಟ್ಟರೆ ಅವು ಅಲ್ಲಿ ಗೂಡು ಕಟ್ಟುತ್ತವೆ. ಬಿಡುವುದು ಒಂದು ದಿನ ತಡವಾದರೆ ಸೊಪ್ಪಿನ ಕಸದಲ್ಲೇ ಕಟ್ಟಿ ಗೂಡು ಹೊಲಸು. ಒಂದು ದಿನ ಮುಂಚೆ ಬಿಟ್ಟರೆ ಹಸಿದ ಹುಳು ಊಟ ಹುಡುಕಿಕೊಂಡು ಇಳಿದು ಹೊರಡುತ್ತದೆ. ಕೊನೆಗೆ ಸುಸ್ತಾಗಿ ಕಟ್ಟಿದ ಗೂಡು ಬೆರಳು ತಾಗಿದರೆ ಕುಸಿಯುವಷ್ಟು ತೆಳು. ಒಂದು ಬೆಳೆಯ ದುಡಿಮೆಯೆಲ್ಲ ಆ ಒಂದು ದಿನದ ಮೇಲೆ ನಿಂತಿರುತ್ತದೆ.

ಆ ದಿನ ಯಾವುದೆಂದು ಸಾರುವುದೇ ಕಾವೇರಮ್ಮನ ರಾಜ್ಯಭಾರ. ಬೇರೆಯವರಾದರೆ ಹುಳುವನ್ನು ಕೈಗೆತ್ತಿಕೊಂಡು, ಹಿಸುಕಿ, ಕಿಟಕಿಗೆ ಹಿಡಿದು, ಮತ್ತೆ ಇನ್ನೊಂದನ್ನು ಎತ್ತಿಕೊಂಡು ಒದ್ದಾಡುತ್ತಾರೆ. ಕಾವೇರಮ್ಮ ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಮೇಲೆ ನಿಂತು, ಸೊಂಟಕ್ಕೆ ಕೈಕೊಟ್ಟು, ಸೇನಾಪತಿ ದಂಡನ್ನು ಪರಾಂಬರಿಸುವಂತೆ ಒಂದು ಸುತ್ತು ನೋಡಿ, ಬಿಡಿ ಎಂದೋ ಬೇಡ ಎಂದೋ ಹೇಳಿ, ಕಾಫಿಯನ್ನೂ ಅಲ್ಲೇ ನಿಂತು ಕುಡಿದು ಹೊರಟುಬಿಡುತ್ತಿದ್ದರು. ಒಂದು ಸಲವೂ ತಪ್ಪಿರಲಿಲ್ಲ.

ಮೂರು ವರ್ಷದ ಹಿಂದೆ ಈ ಕಿರೀಟಕ್ಕೆ ಇನ್ನೊಂದು ಗರಿ ಸಿಕ್ಕಿತು. ಒಂದು ಮಧ್ಯಾಹ್ನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಾವೇರಮ್ಮನಿಗೆ, ಓದುವ ಕನ್ನಡಕ ಮಂಚದ ಮೇಲೆಯೇ ಉಳಿದಿದೆ, ಆದರೂ ಕಲ್ಲು ಕಾಣುತ್ತಿದೆ ಎಂಬುದು ಹೊಳೆಯಿತು. ಸೂಜಿಗೆ ದಾರ ಪೋಣಿಸಿ ನೋಡಿದರು, ಹೋಯಿತು. ತಲೆನೋವಿನ ಮುಲಾಮಿನ ಡಬ್ಬಿಯ ಮೇಲಿನ ಇರುವೆಕಾಲು ಅಕ್ಷರ ಓದಿದರು, ಬಂತು. ಮುದಿತನ ತನ್ನನ್ನು ಕಂಡು ಹಿಂದೆ ಸರಿದಿದೆ ಎಂದು ಅವರು ಅಂದೇ ಘೋಷಿಸಿದರು. ಕಾರಣವನ್ನೂ ಅವರೇ ಕಂಡುಹಿಡಿದರು: ಒಂದೆಲಗದ ಚಟ್ನಿ. ಊರಿನ ಹೆಂಗಸರೆಲ್ಲ ತಿಂಗಳುಗಟ್ಟಲೆ ಒಂದೆಲಗ ಅರೆದು ತಿಂದರು. ಕಾಲುವೆಯ ಬದು ಬೋಳಾಯಿತು. ಯಾರ ಕನ್ನಡಕವೂ ಇಳಿಯಲಿಲ್ಲ. ಅವರಿಗೆ ಶ್ರದ್ಧೆ ಸಾಲದು ಎಂದು ಕಾವೇರಮ್ಮ ತೀರ್ಪಿತ್ತರು.

ಹತ್ತಿರದ್ದು ಹೀಗೆ ಮೂಡುತ್ತಿದ್ದಂತೆ ದೂರದ್ದು ಅಳಿಸತೊಡಗಿತು. ಮೊದಲು ಹೋದದ್ದು ಕಬ್ಬಾಳು ಬೆಟ್ಟ. ಕಣ್ಣೆದುರಿಗೆ ಅಷ್ಟು ದೊಡ್ಡದಾಗಿ ನಿಂತಿದ್ದ ಬೆಟ್ಟ ಒಂದು ಬೇಸಿಗೆಯಲ್ಲಿ ಮಾಯವಾದಾಗ ಕಾವೇರಮ್ಮ ಕಲ್ಲುಕ್ವಾರಿಯವರ ಧೂಳನ್ನು ಬೈದರು. ಸಂಜೆ ಎದುರಿಗೆ ಬರುವ ಬೈಕುಗಳ ದೀಪ ಕಡ್ಡಿ ಕಡ್ಡಿಯಾಗಿ ಸಿಡಿದಂತೆ ಕಂಡಾಗ ಹೊಸ ಬಲ್ಬು ಮಾಡಿದವರನ್ನು ಬೈದರು. ಗೋಡೆ ಮಾಸಲಾಗಿ ಕಂಡರೆ ಸುಣ್ಣ ಬಳಿದವನನ್ನು, ಹಾಲು ಹಳದಿಯಾಗಿ ಕಂಡರೆ ಹಸುವನ್ನು. ಇದೆಲ್ಲ ಬೈಗುಳದಲ್ಲೇ ಮುಗಿಯಿತು. ಬೋರಲಿಂಗಯ್ಯನವರ ಬಿಳಿ ಪಂಚೆಯ ಪ್ರಕರಣ ಹಾಗೆ ಮುಗಿಯಲಿಲ್ಲ. ಪಂಚೆ ಹಳದಿ ಬಿಟ್ಟುಕೊಂಡಿದೆ ಎಂದು ಕಾವೇರಮ್ಮ ಒಗೆಯುವ ನೀರಿಗೆ ಎರಡು ಹನಿ ನೀಲಿ ಹೆಚ್ಚು ಹಾಕಿದರು. ಮುಂದಿನ ವಾರ ಇನ್ನೂ ಹಳದಿ, ನಾಲ್ಕು ಹನಿ. ಹಬ್ಬದ ಹೊತ್ತಿಗೆ ಕಾಲು ಬಾಟಲಿ. ಬೋರಲಿಂಗಯ್ಯ ಆಕಾಶದ ಬಣ್ಣದ ಪಂಚೆ ಉಟ್ಟು ಕಬ್ಬಾಳಮ್ಮನ ಗುಡಿಗೆ ಹೋಗಿಬಂದರು. ಯಾವ ಪಕ್ಷ ಸೇರಿದೆ ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ ಅವರು ನಕ್ಕು ಮುಂದೆ ನಡೆದರು. ಬಹಳ ವರ್ಷ ಸಂಸಾರ ಮಾಡಿದ ಮನುಷ್ಯ.

ಹೋದ ಚಳಿಗಾಲದಲ್ಲಿ ಬೋರಲಿಂಗಯ್ಯನವರ ತಮ್ಮನ ಹೆಂಡತಿ ಪುಟ್ಟಿ, ಹೊಸದಾಗಿ ಕಟ್ಟಿಸಿದ ಹುಳದ ಮನೆಯಲ್ಲಿ ಮೊದಲ ಬೆಳೆ ತೆಗೆದಳು. ಪಕ್ಕದ ಮನೆ, ಒಂದೇ ಗೋಡೆ. ಹುಳು ಕಡೇ ಹಂತಕ್ಕೆ ಬಂದಾಗ ವಾರಗಿತ್ತಿಯನ್ನು ಕರೆದಳು. ಕಾವೇರಮ್ಮ ಬಂದು ಹೊಸ ಹೊಸ್ತಿಲ ಮೇಲೆ ವಿರಾಜಮಾನರಾದರು. ಪುಟ್ಟಿ ಒಂದು ಹುಳುವನ್ನು ಅಂಗೈಯಲ್ಲಿಟ್ಟು ತಂದಳು.

"ಅಕ್ಕ, ಇನ್ನೂ ತಿಂತಾ ಅವೆ ಕಣಕ್ಕ. ಮೈಯೂ ಗಟ್ಟಿ ಐತೆ."

"ತಿನ್ನದೆ ಉಪಾಸ ಇರ್ತವಾ? ಅರಿಶ್ನ ಬಳ್ದಂಗೆ ಅವೆ ಎಲ್ಲ. ಬುಡು ಚಂದ್ರಿಕೆಗೆ."

ಪುಟ್ಟಿ ಬಿಟ್ಟಳು. ಮುಂದೆ ನಡೆದದ್ದನ್ನು ಯುದ್ಧವೆನ್ನಬೇಕೋ ವಲಸೆಯೆನ್ನಬೇಕೋ ತಿಳಿಯದು. ಬೆಳಗಾಗುವಷ್ಟರಲ್ಲಿ ಹುಳುಸೇನೆ ಚಂದ್ರಿಕೆಯ ಕೋಟೆಯಿಂದಿಳಿದು, ಒಂದು ತುಕಡಿ ಗೋಡೆ ಹತ್ತಿ, ಇನ್ನೊಂದು ಕಿಟಕಿಯ ಜಾಲರಿಗೆ ಮುತ್ತಿಗೆ ಹಾಕಿ, ಮತ್ತೊಂದು ಪುಟ್ಟಿಯ ಗಂಡ ಮೊಳೆಗೆ ನೇತುಹಾಕಿದ್ದ ಅಂಗಿಯ ಜೇಬನ್ನು ವಶಪಡಿಸಿಕೊಂಡಿತ್ತು. ಮನೆಮಂದಿಯೆಲ್ಲ ಆಯ್ದು ಆಯ್ದು ಮೇಲೆ ಬಿಟ್ಟರೂ ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಂತಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಗೂಡು ಕೊಂಡು ನೂಲು ಬಿಚ್ಚಿಸುವ ರೀಲರ್ ಅಸ್ಗರ್ ಸಾಹೇಬರು ಒಂದನ್ನು ಎರಡು ಬೆರಳಲ್ಲಿ ಒತ್ತಿ, ಅದು ಚಪ್ಪಟೆಯಾದದ್ದನ್ನು ಪುಟ್ಟಿಗೇ ತೋರಿಸಿ, ಮುಂದಿನ ರಾಶಿಗೆ ಹೋದರು.

ಕಾವೇರಮ್ಮ ಮರಿಹುಳು ಕೊಟ್ಟ ಕೇಂದ್ರದವರನ್ನು ಬೈದರು, ಸೊಪ್ಪನ್ನು ಬೈದರು, ಚಳಿಯನ್ನು ಬೈದರು. ಆದರೆ ಮುಂದಿನ ಬೆಳೆಗೆ ಪುಟ್ಟಿ ಅವರನ್ನು ಕರೆಯಲಿಲ್ಲ. ಆಮೇಲೆ ಎದುರುಮನೆಯ ಬಸವಯ್ಯ ಕರೆಯಲಿಲ್ಲ. ಪಕ್ಕದ ದೊಡ್ಡಿಗಳಿಂದಲೂ ಯಾರೂ ಬರಲಿಲ್ಲ. ಕಾವೇರಮ್ಮ ಜಗಲಿಯ ಮೇಲೆ ಕುಳಿತು, ಚಂದ್ರಿಕೆ ಹೊತ್ತು ಹೋಗುವವರಿಗೆ ಕೇಳುವಂತೆ ಕೆಮ್ಮುತ್ತಿದ್ದರು. ಹೋಗುವವರು ಕೆಮ್ಮಿಗೆ ಶುಂಠಿ ಕಷಾಯ ಹೇಳಿ ಹೋಗುತ್ತಿದ್ದರು. ಊರೊಳಗೆ ಅವರಿಗಿದ್ದದ್ದು ಆ ಒಂದು ಮಾತು. ಅದೊಂದು ಹೋದರೆ ಅವರು ಬರೀ ಬೋರಲಿಂಗಯ್ಯನವರ ಹೆಂಡತಿ. ಆ ಪದವಿ ಅವರಿಗೆ ಯಾವತ್ತೂ ಸಾಲುವಂಥದ್ದಾಗಿರಲಿಲ್ಲ.

ಪುಟ್ಟಿಗೆ ಸಿಟ್ಟಿದ್ದದ್ದು ನಿಜ. ಆದರೆ ಅವಳು ದಡ್ಡಿಯಲ್ಲ. ತಂತಿಯ ಮೇಲೆ ಒಣಗುವ ಭಾವನ ನೀಲಿ ಪಂಚೆಯನ್ನು ದಿನವೂ ನೋಡುತ್ತಿದ್ದವಳ ತಲೆಯಲ್ಲಿ ಏನೋ ಒಂದಕ್ಕೊಂದು ಕೂಡಿತು. ಒಂದು ಬೆಳಗ್ಗೆ ಮೊರದ ತುಂಬ ಗೂಡು ತಂದು ಕಾವೇರಮ್ಮನ ಮುಂದಿಟ್ಟಳು. ಅರ್ಧ ಹಾಲುಬಿಳಿ ಗೂಡು, ಅರ್ಧ ನಾಟಿ ತಳಿಯ ಹಳದಿ ಗೂಡು. ಬಣ್ಣ ನೋಡಿ ಬೇರೆ ಮಾಡಿಕೊಡು ಎಂದಳು. ಕಾವೇರಮ್ಮ ಹಾಡು ಗುನುಗುತ್ತ ಕೂತು ಬೇರೆ ಮಾಡತೊಡಗಿದರು. ಗುನುಗು ನಿಧಾನವಾಯಿತು, ನಿಂತಿತು. ಎರಡು ಗುಂಪು ಮಾಡಿದ್ದರು. ಎರಡರಲ್ಲೂ ಎರಡೂ ಇದ್ದವು.

"ಎಲ್ಲ ಹಳದೀನೇ ತಂದಿದ್ದೀಯಲ್ಲೇ," ಎಂದರು. ಆದರೆ ಆ ಧ್ವನಿ ಮೊದಲ ತೋಟವನ್ನೂ ದಾಟಲಿಲ್ಲ.

"ತಪ್ಪು ನಿಂದಲ್ಲ ಕಣಕ್ಕ, ಕಣ್ಣಿಂದು," ಎಂದಳು ಪುಟ್ಟಿ. ನಾಳೆಯೇ ರಾಮನಗರಕ್ಕೆ ಹೋಗೋಣ ಎಂದೂ ಸೇರಿಸಿದಳು.

ನಾಳೆ ಹೋಗುವುದಾಗಲಿಲ್ಲ. ಇದು ಕಣ್ಣಿನ ಪೊರೆಯೇ ಇರಬೇಕು, ಅದು ಪೂರ್ತಿ ಬಲಿಯದೆ ಮುಟ್ಟಬಾರದು ಎಂದು ಕಾವೇರಮ್ಮ ಹೊಸ ಶಾಸ್ತ್ರ ತೆಗೆದರು. ಅವರ ಸೋದರತ್ತೆಗೆ ಹಿಂದೆ ಹಾಗೇ ಮಾಡಿದ್ದರು: ಬಲಿಯುವವರೆಗೆ ಕಾದು, ಕೊಯ್ದ ಮೇಲೆ ತಲೆ ಅಲ್ಲಾಡಿಸದಂತೆ ದಿನಗಟ್ಟಲೆ ಮಲಗಿಸಿ, ಕೊನೆಗೆ ಸೋಡಾಬಾಟಲಿಯ ತಳದಂಥ ಕನ್ನಡಕ ಕೊಟ್ಟಿದ್ದರು. ಬೋರಲಿಂಗಯ್ಯ ಹೇಳಿ ಸೋತರು. ಕೊನೆಗೆ ಪುಟ್ಟಿ, ಬರೀ ತೋರಿಸಿಕೊಂಡು ಬರೋಣ, ದಾರಿಯಲ್ಲಿ ಕೆಂಗಲ್ ಹನುಮಂತರಾಯನಿಗೆ ಕೈಮುಗಿಯೋಣ ಎಂದು ಆಸೆ ತೋರಿಸಿ ಚನ್ನಪಟ್ಟಣದ ಬಸ್ಸು ಹತ್ತಿಸಿದಳು.

ರಾಮನಗರದ ಆಸ್ಪತ್ರೆಯಲ್ಲಿ ಸಿಕ್ಕಿದ ಡಾಕ್ಟರ್ ನಿಖಾತ್ ಆ ಊರಿನವರೇ, ನೂಲು ಬಿಚ್ಚುವ ಮನೆಯಲ್ಲಿ ಹುಟ್ಟಿ ಗೂಡು ಬೇಯುವ ವಾಸನೆಯಲ್ಲೇ ಓದಿದವರು. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಯಂತ್ರದಲ್ಲಿ ಇಣುಕಿ ನೋಡಿ, ಎರಡು ಕಣ್ಣಲ್ಲೂ ಪೊರೆ, ಎಡಗಣ್ಣಲ್ಲಿ ಹೆಚ್ಚು ಎಂದರು. ಕಾವೇರಮ್ಮ ಒಂದೆಲಗದ ಮಹಿಮೆಯನ್ನು ಮುಂದಿಟ್ಟರು. ಡಾಕ್ಟರು ನಗದೆ ಕೇಳಿಸಿಕೊಂಡು, ಕನ್ನಡಕ ಇಲ್ಲದೆ ಹತ್ತಿರದ್ದು ಕಂಡದ್ದೇ ಪೊರೆಯ ಮೊದಲ ಗುರುತು, ಒಳಗಿನ ಲೆನ್ಸು ದಪ್ಪವಾಗಿ ಬಿಗಿಯುವಾಗ ಕೆಲವರಿಗೆ ಸ್ವಲ್ಪ ಕಾಲ ಹಾಗಾಗುತ್ತದೆ ಎಂದು ವಿವರಿಸಿದರು. ಮೂರು ವರ್ಷದ ಕೀರ್ತಿ ಒಂದು ನಿಮಿಷದಲ್ಲಿ ರೋಗವಾಗಿ ಹೋಯಿತು. ಕಾವೇರಮ್ಮ ಪುಟ್ಟಿಯ ಕಡೆ ನೋಡಲಿಲ್ಲ.

ಪೊರೆ ಎಂದರೆ ಹಾಲಿನ ಕೆನೆಯ ಹಾಗೆ ಕಣ್ಣಿನ ಮೇಲೆ ಕಟ್ಟುವುದಲ್ಲ ಎಂದರು ಡಾಕ್ಟರು. ಕಣ್ಣೊಳಗೆ ಗಾಜಿನಂತೆ ತಿಳಿಯಾದ ಒಂದು ಲೆನ್ಸಿದೆ. ವಯಸ್ಸಾದಂತೆ ಅದೇ ಮಬ್ಬಾಗಿ ಹಳದಿಯಾಗುತ್ತದೆ. ಬಹಳ ನಿಧಾನವಾಗಿ ಆಗುವುದರಿಂದ ಕಣ್ಣಿನ ಯಜಮಾನರಿಗೇ ತಿಳಿಯುವುದಿಲ್ಲ, ಲೋಕವೇ ಮಾಸಿದೆ ಎಂದುಕೊಳ್ಳುತ್ತಾರೆ. ಬೆಂದ ಕೋಳಿಮೊಟ್ಟೆಯನ್ನು ಯಾವ ಔಷಧಿಯೂ ಮತ್ತೆ ಹಸಿ ಮಾಡುವುದಿಲ್ಲ. ಹಾಗೇ ಮಬ್ಬಾದ ಲೆನ್ಸನ್ನು ಹನಿಯೂ ತಿಳಿ ಮಾಡುವುದಿಲ್ಲ, ಚಟ್ನಿಯೂ ಮಾಡುವುದಿಲ್ಲ. ತೆಗೆದು ಬೇರೆ ಹಾಕಬೇಕು, ಅಷ್ಟೇ.

"ಗೂಡು ಗೊತ್ತಲ್ಲಮ್ಮ ನಿಮಗೆ. ಲೆನ್ಸಿನ ಸುತ್ತ ಗೂಡಿನ ಹಾಗೇ ಒಂದು ತೆಳು ಚೀಲ ಇರುತ್ತೆ. ಅದರಲ್ಲಿ ಸಣ್ಣ ತೂತು ಮಾಡಿ, ಒಳಗಿರೋದನ್ನ ಪುಡಿ ಮಾಡಿ ಹೀರಿಕೊಳ್ತೀವಿ. ಅದೇ ತೂತಲ್ಲಿ ಹೊಸ ಲೆನ್ಸು ಮಡಿಸಿ ಒಳಗೆ ಬಿಟ್ರೆ ಅಲ್ಲೇ ಬಿಚ್ಚಿಕೊಂಡು ಕೂತ್ಕೊಳ್ಳುತ್ತೆ."

"ಅಂದ್ರೆ ಗೂಡು ಹಂಗೇ ಇರ್ಲಿ, ಹಳೇ ಹುಳ ಆಚ್ಗೆ, ಹೊಸಾ ಹುಳ ಒಳಿಕೆ," ಎಂದರು ಕಾವೇರಮ್ಮ.

ಅದಕ್ಕಿಂತ ಚೆನ್ನಾಗಿ ತಾನು ಹೇಳಲಾರೆ ಎಂದು ಡಾಕ್ಟರು ಒಪ್ಪಿಕೊಂಡರು. ಬಲಿಯಲು ಬಿಡುವುದು ಹಿಂದಿನ ಕಾಲದ ಮಾತು. ಈಗ ಬಿಟ್ಟಷ್ಟೂ ಅದು ಕಲ್ಲಾಗಿ ಪುಡಿ ಮಾಡುವುದು ಕಷ್ಟ. ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಎಂದು ಅನ್ನಿಸಿದಾಗ ತೆಗೆಸಿಕೊಳ್ಳುವುದು. ಆಮೇಲೆ ಹೊಸ ಲೆನ್ಸಿನ ಅಳತೆಯ ಮಾತು ಬಂತು. ದೂರಕ್ಕೆ ಹೊಂದುವುದನ್ನು ಹಾಕಿದರೆ ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕು ಎಂದಾಗ ಕಾವೇರಮ್ಮ ಹೊಸ್ತಿಲಿಂದ ಹುಳದ ತಟ್ಟೆಯವರೆಗಿನ ದೂರವನ್ನು ಆಸ್ಪತ್ರೆಯ ನೆಲದಲ್ಲೇ ನಡೆದು ತೋರಿಸಿ, ಇಲ್ಲಿಂದ ಅಲ್ಲಿಗೆ ಕಾಣಬೇಕು, ಸೂಜಿ ಬೇಕಾದರೆ ಪುಟ್ಟಿ ಪೋಣಿಸುತ್ತಾಳೆ ಎಂದರು.

ಆಪರೇಷನ್ನಿನ ದಿನ ಹಸಿರು ಗೌನು ತೊಟ್ಟು ಸರದಿಗೆ ಕೂತಾಗ ಮಾತ್ರ ಕಾವೇರಮ್ಮನ ಮುಖ ಇಳಿದಿತ್ತು. ಚಾಕುವಿನ ಹೆದರಿಕೆಯೇ ಎಂದು ಪುಟ್ಟಿ ಕೇಳಿದಳು.

"ಚಾಕ್ಗೆಲ್ಲ ಯಾರ್ ಹೆದ್ರುತಾರೆ? ಪೊರೆ ಇರೋಗಂಟ ತಪ್ಪು ಪೊರೇದು ಕಣೇ. ತೆಗ್ಸಿದ್ ಮ್ಯಾಲೂ ತಪ್ಪಿದ್ರೆ, ಅದು ನಂದೇ ಆಯ್ತದೆ."

ಪುಟ್ಟಿ ಹತ್ತಿರ ಸರಿದಳು. ವಾರಗಿತ್ತಿಯ ಕೈ ಹಿಡಿದು ಕೂತಳು. ಅಷ್ಟರಲ್ಲಿ ನರ್ಸು ಹೆಸರು ಕೂಗಿದರು.

ಒಳಗೆ ನಡೆದದ್ದು ಕಾವೇರಮ್ಮ ಆಮೇಲೆ ಊರಿಗೆ ಸಾರಿದ ಪ್ರಕಾರ ಹೀಗೆ. ಮರಗಟ್ಟಿಸುವ ಮದ್ದು ಹಾಕಿದ್ದರಿಂದ ನೋವಿರಲಿಲ್ಲ. ಚಾಕುವಂತೂ ಕಾಣಲೇ ಇಲ್ಲ. ಕಂಡದ್ದು ಬೆಳಕು: ಮೊದಲು ಬೆಳ್ಳಗೆ ಕಡಲಿನ ಹಾಗೆ, ಆಮೇಲೆ ಅದರೊಳಗೆ ಕೆಂಪು, ನೀಲಿ, ನೇರಳೆ ಬಳುಕಾಡಿದವು. ಆ ವೈಭವವನ್ನು ಅವರು ಅಲ್ಲೇ ವರ್ಣಿಸತೊಡಗಿದಾಗ, ಮಾತಾಡಿದರೆ ತಲೆ ಅಲ್ಲಾಡುತ್ತದೆ ಎಂದು ಡಾಕ್ಟರು ತಡೆದರು. ಅಲ್ಲಿಂದ ಮುಂದೆ ಕಾವೇರಮ್ಮ ಸುಮ್ಮನಿದ್ದರು. ಅವರ ಇಡೀ ಚರಿತ್ರೆಯಲ್ಲಿ ಎಚ್ಚರವಾಗಿದ್ದು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೊಂದೇ ಸಲ, ಮತ್ತು ಅದೂ ಒಂದು ಕಾಫಿ ಕಾಯಿಸುವಷ್ಟು ಹೊತ್ತು.

ಮರುದಿನ ಪಟ್ಟಿ ಬಿಚ್ಚಿದರು. ಎಡಗಣ್ಣು ಮೊಟ್ಟಮೊದಲು ಕಂಡದ್ದು ಮಂಚದ ಪಕ್ಕದಲ್ಲಿ ನಿಂತಿದ್ದ ಗಂಡನನ್ನು.

"ಇದ್ಯಾವ ವೇಸ? ನೀಲಿ ಪಂಚೆ ಯಾಕೆ ಉಟ್ಕಂಡಿದ್ದೀರಿ?"

"ನೀನೇ ಒಗ್ದಿದ್ದು."

"ಯಾವತ್ತಿಂದ ಹಿಂಗೈತೆ?"

"ಹೋದ್ ವರ್ಸದ ಗೌರಿ ಹಬ್ಬದಿಂದ."

"ಬಾಯ್ಬುಟ್ಟು ಹೇಳಕ್ಕೇನಾಗಿತ್ತು?"

"ಹೇಳಿದ್ರೆ ಇನ್ನೊಂದು ಕಿತ ಅದ್ದೀಯ ಅಂತ ಸುಮ್ಕಿದ್ದೆ," ಎಂದರು ಬೋರಲಿಂಗಯ್ಯ.

ಆ ವಾರ್ಡಿನಲ್ಲಿ ಕಾವೇರಮ್ಮ ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು ಪರೀಕ್ಷೆಗಿಳಿದರು. ಬಲಗಣ್ಣಿಗೆ ಗೋಡೆ ಬೆಲ್ಲದ ಪಾಕ, ಎಡಗಣ್ಣಿಗೆ ಹೊಸ ಸುಣ್ಣ. ಇಷ್ಟು ದಿನ ಬೈಸಿಕೊಂಡ ಸುಣ್ಣದವನನ್ನೂ ಹಸುವನ್ನೂ ಕ್ಷಮಿಸಿದರು. ಊರಿಗೆ ಹೋಗುವ ಬಸ್ಸಿನಲ್ಲಿ, ಕಪ್ಪು ಕನ್ನಡಕದೊಳಗಿಂದ ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಹೋದರು. ಯಾವ ನಿಲ್ದಾಣ ಬಂತೆಂದು ಹೇಳುವ ಕೆಲಸ ಕಂಡಕ್ಟರಿಗೆ ಉಳಿಯಲಿಲ್ಲ.

ಆದರೆ ಗೆಲುವು ಇನ್ನೂ ಆಗಿರಲಿಲ್ಲ. ಹೊತ್ತುಹೊತ್ತಿಗೆ ಹನಿ ಹಾಕಿಕೊಳ್ಳುವುದು, ಕಣ್ಣಿಗೆ ನೀರು ತಾಗಿಸದಿರುವುದು, ಭಾರ ಎತ್ತದಿರುವುದು ಇವೆಲ್ಲದರ ಜೊತೆಗೆ ಧೂಳಿಗೆ ಹೋಗಬಾರದೆಂದೂ ಡಾಕ್ಟರು ಹೇಳಿದ್ದರು. ಹುಳದ ಮನೆಯಲ್ಲಿ ರೋಗ ಬಾರದಂತೆ ಸುಣ್ಣದ ಪುಡಿ ಉದುರಿಸದ ದಿನವಿಲ್ಲ. ಕಾವೇರಮ್ಮ ಜಗಲಿಯಲ್ಲೇ ಉಳಿದರು. ಯಾರೂ ಕರೆಯಲೂ ಇಲ್ಲ. ಕಣ್ಣು ವಾಸಿಯಾದದ್ದನ್ನು ಊರು ನಂಬಿತ್ತು. ಮಾತು ವಾಸಿಯಾದದ್ದನ್ನು ನಂಬಲು ಯಾರೂ ಮುಂದೆ ಬರಲಿಲ್ಲ.

ಡಾಕ್ಟರು ಎರಡನೇ ಸಲ ನೋಡಿ, ಹುಳದ ಮನೆಯೊಳಗೂ ಓಡಾಡಬಹುದು ಎಂದ ಮೇಲಿನ ಮಾತು. ಪುಟ್ಟಿಯ ಹುಳು ಕೊನೆಯ ಹಂತಕ್ಕೆ ಬಂದಿತ್ತು. ಮುಂಚಿತವಾಗಿ ಹಣ್ಣಾಗುವ ಕೆಲವು ಹುಳುಗಳು ಅಲ್ಲೊಂದು ಇಲ್ಲೊಂದು ತಲೆಯೆತ್ತಿದ್ದವು. ಪಕ್ಕದ ಊರಿಂದ ಆಳುಗಳು ಬಂದಿದ್ದರು, ಚಂದ್ರಿಕೆ ಸಾಲಾಗಿ ಒರಗಿಸಿಟ್ಟಿದ್ದವು, ಪುಟ್ಟಿಯ ಗಂಡ ಇವತ್ತೇ ಬಿಡೋಣವೆಂದು ಅವಸರ ಮಾಡುತ್ತಿದ್ದರು. ಪುಟ್ಟಿ ತಟ್ಟೆಗಳ ನಡುವೆ ನಿಂತು ತೀರ್ಮಾನವಾಗದೆ ಒದ್ದಾಡುತ್ತಿದ್ದಳು. ಆಮೇಲೆ ಗೋಡೆಯ ಆಚೆಗೆ ಕೂಗಿದಳು.

ಕಾವೇರಮ್ಮ ಬಂದರು. ಹೊಸ್ತಿಲ ಮೇಲೆ ನಿಂತು, ಕಪ್ಪು ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿದರು. ಬಲಗಣ್ಣು, ಎಲ್ಲ ಹಣ್ಣು, ಬಿಡಿ ಎಂದಿತು. ಅದನ್ನು ಅಂಗೈಯಿಂದ ಮುಚ್ಚಿದರು. ಎಡಗಣ್ಣು, ಬೆಳ್ಳಗಿವೆ, ಬೇಡ ಎಂದಿತು. ಒಂದೇ ತಲೆಯೊಳಗೆ ಎರಡು ರಾಜ್ಯ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಾವೇರಮ್ಮ, ಯಾವತ್ತೂ ದಾಟದ ಹೊಸ್ತಿಲನ್ನು ದಾಟಿ ಒಳಗೆ ಬಂದರು. ಜೊತೆಗೆ ತಂದಿದ್ದ ಓದುವ ಕನ್ನಡಕ ತೆಗೆದು ಎಲ್ಲರೆದುರಿಗೇ ಮೂಗಿಗೇರಿಸಿ, ನಡುವಿನ ತಟ್ಟೆಯಿಂದ ಒಂದು ಹುಳು, ಮೂಲೆಯದರಿಂದ ಒಂದು, ಕೆಳಗಿನದರಿಂದ ಒಂದು ಎತ್ತಿ ಕಿಟಕಿಗೆ ಹಿಡಿದರು. ಅವಸರ ಮಾಡಲಿಲ್ಲ.

"ಇವತ್ತು ಬ್ಯಾಡ. ಸೊಪ್ಪು ಹಾಕು. ನಾಳೆ ಬೆಳಿಗ್ಗೆ."

ಬಂದ ಆಳು ವಾಪಸ್ಸು ಹೋದರೆ ನಾಳೆ ಸಿಗುವುದು ಕಷ್ಟ ಎಂದು ಪುಟ್ಟಿಯ ಗಂಡ ಗೊಣಗಿದರು. ಚಳಿಗಾಲದ ಬೆಳೆಯ ಮಾತನ್ನೂ ಯಾರೋ ಬಾಯ್ತಪ್ಪಿ ಎತ್ತಿದರು. ಕಾವೇರಮ್ಮ ಪುಟ್ಟಿಯನ್ನೇ ನೋಡುತ್ತಿದ್ದರು. ಪುಟ್ಟಿ ಸೆರಗು ಸಿಕ್ಕಿಸಿ ಸೊಪ್ಪಿನ ಹೊರೆ ಬಿಚ್ಚಿದಳು.

"ಅಕ್ಕ ಬ್ಯಾಡ ಅಂದವಳೆ. ಹಾಕಿ ಸೊಪ್ಪ."

ಹುಳುಗಳು ಸೊಪ್ಪು ತಿನ್ನುವಾಗ ಹುಳದ ಮನೆಯಲ್ಲಿ ಸಣ್ಣಮಳೆಯ ಸದ್ದಾಗುತ್ತದೆ. ಆ ಮಳೆ ಸಂಜೆಯವರೆಗೂ ಬಿಡದೆ ಸುರಿಯಿತು. ಹಣ್ಣಾಗಿದ್ದರೆ ಹಾಗೆ ತಿನ್ನುತ್ತಿರಲಿಲ್ಲ ಎಂಬುದು ಆಳುಗಳಿಗೂ ಗೊತ್ತಿತ್ತು; ನಾಳೆ ಬರುತ್ತೇವೆಂದು ತಾವೇ ಹೇಳಿ ಹೊರಟರು. ಬೆಳಗಾಗಿ ಬಾಗಿಲು ತೆಗೆದಾಗ ಮಳೆ ನಿಂತಿತ್ತು. ತಟ್ಟೆ ತಟ್ಟೆಯಲ್ಲೂ ಹುಳುಗಳು ಬಂಗಾರದ ಬಣ್ಣದಲ್ಲಿ, ದರ್ಬಾರಿಗೆ ದೊರೆ ಬಂದಂತೆ, ಒಟ್ಟಿಗೆ ತಲೆಯೆತ್ತಿ ನಿಂತಿದ್ದವು. ಬಿಟ್ಟ ಚಂದ್ರಿಕೆಯಿಂದ ಒಂದು ಹುಳುವೂ ಇಳಿಯಲಿಲ್ಲ. ಆ ಗೂಡನ್ನು ರಾಮನಗರಕ್ಕೆ ಒಯ್ದಾಗ ಅಸ್ಗರ್ ಸಾಹೇಬರು ಎರಡು ಬೆರಳಲ್ಲಿ ಒತ್ತಿ, ಆಮೇಲೆ ಹೆಬ್ಬೆರಳು ಸೇರಿಸಿ ಒತ್ತಿ, ಸೋತು, ಇದು ಯಾರ ಮನೆಯದೆಂದು ಕೇಳಿದರಂತೆ. ನಮ್ಮ ಅಕ್ಕಂದು ಎಂದಳಂತೆ ಪುಟ್ಟಿ.

ಆಮೇಲೆ ಊರಿಗೆ ಸಮಾಧಾನವಿಲ್ಲ. ಬಸವಯ್ಯ ಬಂದರು, ಪಕ್ಕದ ದೊಡ್ಡಿಯಿಂದ ಅನಂತರಾಜು ಬೈಕು ತಂದು ಬಾಗಿಲಲ್ಲಿ ನಿಲ್ಲಿಸಿದ. ಕಾವೇರಮ್ಮ ಈಗ ಒಳಗೆ ಹೋಗಿ, ಹುಳು ಕೈಗೆತ್ತಿಕೊಂಡು, ಕನ್ನಡಕ ಹಾಕಿ ನೋಡುತ್ತಾರೆ. ಹೊಸ್ತಿಲಲ್ಲಿ ನಿಲ್ಲುತ್ತಿದ್ದಾಗಿನ ಗತ್ತಿಗೆ ಇದರಿಂದ ಏನೂ ಕುಂದು ಬಂದಿಲ್ಲ. ಈಗ ಕಾಫಿಯನ್ನು ಒಳಗೇ ಕೂತು ಕುಡಿಯುತ್ತಾರೆ, ಎರಡು ಲೋಟ.

ಬಲಗಣ್ಣಿನ ಆಪರೇಷನ್ನಿಗೆ ದಿನ ಕೊಡುವಾಗ ಡಾಕ್ಟರ್ ನಿಖಾತ್, ನಿಮ್ಮ ಊರಿನ ಹುಳುಗಳು ಈಗ ಯಾವ ಹಂತದಲ್ಲಿವೆ ಎಂದು ತಾವೇ ಕೇಳಿ, ಯಾರ ಬೆಳೆಗೂ ಅಡ್ಡಬಾರದ ವಾರ ಹುಡುಕಿದರು. ಆದರೂ ಆಪರೇಷನ್ನಿಗೆ ಹೊರಟ ದಿನ ಬಸ್ಸು ಚನ್ನಪಟ್ಟಣ ದಾಟುವಾಗ ಪುಟ್ಟಿಗೆ ಫೋನು ಬಂತು. ಅನಂತರಾಜು. ಅವನ ಹುಳುಗಳು ಹಣ್ಣಾಗಲು ಅವಸರಪಟ್ಟಿವೆಯಂತೆ. ಹೇಗಿವೆ ಎಂದು ಫೋನಿನಲ್ಲೇ ವರ್ಣಿಸತೊಡಗಿದ. ಪುಟ್ಟಿ ಫೋನನ್ನು ವಾರಗಿತ್ತಿಯ ಕಿವಿಗಿಟ್ಟಳು. ಇಡೀ ಬಸ್ಸು ತಿರುಗಿ ನೋಡುವಂತೆ ಉತ್ತರ ಹೋಯಿತು.

"ಬಾಯಲ್ ಹೇಳಿದ್ರೆ ಹಣ್ಣಾಯ್ತವೇನ್ಲಾ? ನಾಳಿಕೆ ಮಧ್ಯಾನಕ್ಕೆ ಎರಡು ಕಣ್ಣೂ ತಗಂಡು ಬತ್ತೀನಿ, ಆಗ ಹುಳ ಜಗಲಿಗೇ ತಂದು ತೋರ್ಸು. ಅಲ್ಲೀಗಂಟ ಸೊಪ್ಪು ಹಾಕ್ತಾ ಇರು, ಒಂದನ್ನೂ ಮುಟ್ಬ್ಯಾಡ."